ಎರಡು ಕಡೆ ಇರುವ ವಜ್ರ ಯಾವ ಕಡೆಯಿಂದ ಎಳೆಯುತ್ತದೆ?

1922ರ ಫೆಬ್ರವರಿಯಲ್ಲಿ ಭೌತವಿಜ್ಞಾನಿ ವಾಲ್ಟರ್ ಗೆರ್ಲಾಕ್ ಅವರು ಇನ್ನೊಬ್ಬ ಭೌತವಿಜ್ಞಾನಿ ನೀಲ್ಸ್ ಬೋರ್‌ಗೆ ಒಂದು ಪೋಸ್ಟ್‌ಕಾರ್ಡ್ ಹಾಕಿದರು. ಅದರಲ್ಲಿ ಎರಡು ಫೋಟೋ. ಒಂದರಲ್ಲಿ ತೆಳ್ಳಗಿನ ಒಂದು ಗೆರೆ. ಇನ್ನೊಂದರಲ್ಲಿ ಅದೇ ಗೆರೆ ನಡುವೆ ಬಿರಿದು, ತುಸು ತೆರೆದ ತುಟಿಗಳ ಹಾಗೆ ಕಾಣುತ್ತಿತ್ತು. ಗೆರ್ಲಾಕ್ ಮತ್ತು ಆಟೋ ಸ್ಟರ್ನ್ ಸೇರಿ ಫ್ರಾಂಕ್‌ಫರ್ಟ್‌ನಲ್ಲಿ ಬೆಳ್ಳಿಯನ್ನು ಕಾಯಿಸಿ, ಅದರ ಪರಮಾಣುಗಳನ್ನು ಅಯಸ್ಕಾಂತದ ಧ್ರುವಗಳ ನಡುವೆ ಹಾಯಿಸಿದ್ದರು. ಅಯಸ್ಕಾಂತ ಇಲ್ಲದಾಗ ಒಂದು ಗೆರೆ, ಇದ್ದಾಗ ಎರಡು.

ಇದಕ್ಕೆ ಅವರು ಅಂದುಕೊಂಡಿದ್ದ ಕಾರಣ ತಪ್ಪಾಗಿತ್ತು. ನಿಜವಾದ ಕಾರಣ ಎಲೆಕ್ಟ್ರಾನಿನ ಸ್ಪಿನ್, ಅಂದರೆ ಅದನ್ನು ಪುಟ್ಟ ಅಯಸ್ಕಾಂತದಂತೆ ಮಾಡುವ ಹುಟ್ಟುಗುಣ. ಅಳೆದಾಗ ಅದು ಮೇಲೆ ಅಥವಾ ಕೆಳಗೆ, ಎರಡರಲ್ಲಿ ಒಂದಾಗಿ ಸಿಗುತ್ತದೆ. ಸ್ಪಿನ್‌ನ ಕಲ್ಪನೆಯನ್ನು 1925ರಲ್ಲಿ ನೆದರ್‌ಲ್ಯಾಂಡ್ಸ್‌ನ ಲೈಡನ್‌ನ ಇಬ್ಬರು ತರುಣರು, ಊಲೆನ್‌ಬೆಕ್ ಮತ್ತು ಗೌಡ್‌ಸ್ಮಿಟ್, ಮುಂದಿಟ್ಟರು. ಹೆಸರೇನೋ ಸ್ಪಿನ್, ಆದರೆ ಎಲೆಕ್ಟ್ರಾನ್ ಬುಗುರಿಯಲ್ಲ. ಬುಗುರಿಯಂತೆ ತಿರುಗಬೇಕಾದರೆ ಅದರ ಮೈ ಬೆಳಕಿಗಿಂತ ಜೋರಾಗಿ ಓಡಬೇಕಾಗುತ್ತದೆ ಅಂತ ಹಿರಿಯ ಭೌತವಿಜ್ಞಾನಿ ಲೊರೆಂಟ್ಸ್ ಆಗಲೇ ತಕರಾರು ತೆಗೆದಿದ್ದರು. ಆದರೂ ಹೆಸರು ಅಂಟಿಕೊಂಡುಬಿಟ್ಟಿತು.

ನನಗೆ ಸ್ಪಿನ್ ಇಷ್ಟವಾಗುವುದು ಬೇರೆ ಕಾರಣಕ್ಕೆ. ಅದೊಂದು ಹಿಡಿಕೆ. ಅಯಸ್ಕಾಂತದಿಂದ ಆ ಹಿಡಿಕೆ ಹಿಡಿದು ಒಂದೇ ಕಣವನ್ನು ಏಕಕಾಲಕ್ಕೆ ಎರಡು ದಾರಿಗೆ ಕಳಿಸಬಹುದು. ಇದನ್ನೇ ಇಟ್ಟುಕೊಂಡು 1957ರಲ್ಲಿ ಅಮೆರಿಕದ ಚಾಪೆಲ್ ಹಿಲ್‌ನ ಸಮ್ಮೇಳನದಲ್ಲಿ ರಿಚರ್ಡ್ ಫೈನ್‌ಮನ್ ಒಂದು ಪ್ರಶ್ನೆ ಎತ್ತಿದರು. ಸ್ಪಿನ್ ಮೇಲಿದ್ದರೆ ಚೆಂಡೊಂದು ಮೇಲೆ ಸರಿಯುತ್ತದೆ, ಕೆಳಗಿದ್ದರೆ ಕೆಳಗೆ. ಸ್ಪಿನ್ ಎರಡೂ ಆಗಿದ್ದರೆ ಚೆಂಡೂ ಎರಡು ಕಡೆ. ಹಾಗಾದರೆ ಅದರ ಗುರುತ್ವ?

ಕ್ವಾಂಟಮ್ ಕಣಗಳ, ಅಂದರೆ ಹೀಗೆ ಏಕಕಾಲಕ್ಕೆ ಎರಡು ದಾರಿ ಹಿಡಿಯಬಲ್ಲ ಕಣಗಳ, ಮೇಲೆ ಗುರುತ್ವದ ಎಳೆತ ಇದೆ ಅನ್ನುವುದನ್ನು 1975ರಲ್ಲೇ ನ್ಯೂಟ್ರಾನ್‌ಗಳಲ್ಲಿ ತೋರಿಸಿಯಾಗಿದೆ. ಆದರೆ ಅಲ್ಲಿ ಎಳೆಯುತ್ತಿದ್ದದ್ದು ಭೂಮಿ, ಅದು ಇದ್ದಲ್ಲೇ ಇರುತ್ತದೆ. ಎಳೆಯುವ ವಸ್ತುವೇ ಎರಡು ಕಡೆ ಇದ್ದಾಗ ಏನಾಗುತ್ತದೆ? ಇದು ಬೇರೆಯೇ ಪ್ರಶ್ನೆ, ಅಲ್ವಾ?

ಇದನ್ನು ಪರೀಕ್ಷಿಸಲು 2017ರಲ್ಲಿ ಭೌತವಿಜ್ಞಾನಿ ಸೌಗತ ಬೋಸ್ ಮತ್ತು ಸಂಗಡಿಗರು ಒಂದು ಉಪಾಯ ಸೂಚಿಸಿದರು. ಕಿಯಾರಾ ಮಾರ್ಲೆಟ್ಟೊ ಮತ್ತು ವ್ಲಾಟ್ಕೊ ವೆದ್ರಾಲ್ ಕೂಡ ಅದೇ ಹೊತ್ತಿಗೆ ಬೇರೆಯಾಗಿ ಅಲ್ಲಿಗೇ ಬಂದಿದ್ದರು. ಬೋಸ್ ತಂಡದ ಲೆಕ್ಕದಲ್ಲಿ ಎರಡು ವಜ್ರದ ಹರಳುಗಳಿವೆ. ಕೂದಲಿನ ದಪ್ಪದ ಐವತ್ತನೇ ಒಂದು ಪಾಲಿನಷ್ಟು ಗಾತ್ರ. ವಜ್ರದಲ್ಲಿ ಇಂಗಾಲದ ಒಂದು ಪರಮಾಣು ಇರಬೇಕಾದ ಜಾಗದಲ್ಲಿ ನೈಟ್ರೋಜನ್, ಅದರ ಪಕ್ಕದ ಜಾಗ ಖಾಲಿ. ಈ ಕೊರತೆಯೇ ಸ್ಪಿನ್‌ನ ಮನೆ. ಕೊರತೆ ಇದ್ದರೇನೇ ವಜ್ರಕ್ಕೆ ಇಲ್ಲಿ ಬೆಲೆ!

ಅಯಸ್ಕಾಂತ ಪ್ರತಿ ಹರಳನ್ನೂ ಕಾಲು ಮಿಲಿಮೀಟರ್ ಅಂತರದ ಎರಡು ದಾರಿಗೆ ಹಚ್ಚುತ್ತದೆ. ಒಂದು ಹರಳಿನ ಎರಡು ದಾರಿ, ಇನ್ನೊಂದರ ಎರಡು ದಾರಿ, ಆಗ ನಾಲ್ಕು ಜೋಡಿಗಳಾದವು. ಅದರಲ್ಲಿ ಒಂದು ಜೋಡಿ ಮಾತ್ರ ಉಳಿದವಕ್ಕಿಂತ ಹತ್ತಿರ, ಅಲ್ಲಿ ಗುರುತ್ವದ ಎಳೆತ ಚೂರು ಜಾಸ್ತಿ. ಸುಮಾರು ಎರಡೂವರೆ ಸೆಕೆಂಡ್ ಹಾಗೇ ಬಿಟ್ಟು ದಾರಿಗಳನ್ನು ಮತ್ತೆ ಒಂದುಗೂಡಿಸಬೇಕು. ಆ ಚೂರು ವ್ಯತ್ಯಾಸ ಅಷ್ಟರಲ್ಲಿ ಎರಡೂ ಸ್ಪಿನ್‌ಗಳನ್ನು ಒಂದಕ್ಕೊಂದು ಹೆಣೆದಿರುತ್ತದೆ, ಅಂದರೆ ಒಂದನ್ನು ಬಿಟ್ಟು ಇನ್ನೊಂದರ ಸ್ಥಿತಿಯನ್ನು ಪೂರ್ತಿ ಹೇಳಲಾಗದಂತೆ ಬೆಸೆದಿರುತ್ತದೆ. ಹರಳುಗಳನ್ನು ನೋಡುವ ಗೋಜೇ ಇಲ್ಲ, ಸ್ಪಿನ್ ಓದಿದರೆ ಸಾಕು. ಹೆಣಿಗೆ ಕಂಡರೆ, ಅದನ್ನು ಹೆಣೆದ ಗುರುತ್ವವೂ ಕ್ವಾಂಟಮ್ ಆಗಿರಲೇಬೇಕು ಅನ್ನುವುದು ಇವರ ವಾದ. ಇದಕ್ಕೆ ಒಪ್ಪದ ಭೌತವಿಜ್ಞಾನಿಗಳೂ ಇದ್ದಾರೆ. ಅವರ ಮಾತಿನಲ್ಲಿ ಹುರುಳಿದೆ ಅನ್ನಿಸಿದರೂ, ಗುರುತ್ವದ ಕಣವಾದ ಗ್ರಾವಿಟಾನ್ ಹಿಡಿಯುತ್ತೇವೆ ಅಂತ ಕಾಯುತ್ತಾ ಕೂರುವುದಕ್ಕಿಂತ ಇದು ಎಷ್ಟೋ ವಾಸಿ.

ಕೇಳಲು ಸುಲಭ. ಆದರೆ ಎರಡೂ ಹರಳುಗಳಲ್ಲಿ ಒಂದೊಂದೇ ಎಲೆಕ್ಟ್ರಾನ್ ಹೆಚ್ಚಿಗೆ ಉಳಿದುಬಿಟ್ಟರೆ ಸಾಕು, ಅವುಗಳ ನಡುವಿನ ವಿದ್ಯುತ್ ಬಲ ಗುರುತ್ವವನ್ನು ಮೂರು ಸಾವಿರ ಕೋಟಿ ಪಟ್ಟಿಗೂ ಮೀರಿಸುತ್ತದೆ. ತೀರಾ ಹತ್ತಿರ ತರುವಂತೆಯೂ ಇಲ್ಲ, ಕೂಡಲೇ ಬೇರೆ ಬಲಗಳು ತಲೆ ಹಾಕುತ್ತವೆ.

ಇನ್ನು ತೂಕದ ಮಾತು. 2019ರಲ್ಲಿ ವಿಯೆನ್ನಾದಲ್ಲಿ ಹೀಗೆ ಎರಡು ದಾರಿ ಹಿಡಿಸಿದ ಅಣುಗಳು ಹೈಡ್ರೋಜನ್ ಪರಮಾಣುವಿಗಿಂತ ಸುಮಾರು 25,000 ಪಟ್ಟು ಭಾರದವು. ಅದೇ ಊರಿನಲ್ಲಿ 2021ರಲ್ಲಿ ಚಿನ್ನದ ಒಂದು ಪುಟ್ಟ ಗುಂಡಿನ ಗುರುತ್ವದ ಎಳೆತವನ್ನು ಅಳೆದರು, ಅದರ ತೂಕ ಸುಮಾರು 90 ಮಿಲಿಗ್ರಾಂ. ಬೋಸ್ ಅವರ ವಜ್ರ ಈ ಎರಡರ ನಡುವೆ ಎಲ್ಲೋ ಇದೆ. ಆ ಅಣುವಿನಿಂದ ಅಲ್ಲಿಗೆ ಹತ್ತಲು ಇಪ್ಪತ್ತೈದು ಕೋಟಿ ಪಟ್ಟು, ಚಿನ್ನದ ಗುಂಡಿನಿಂದ ಅಲ್ಲಿಗೆ ಇಳಿಯಲು ಒಂಬೈನೂರು ಕೋಟಿ ಪಟ್ಟು.