ಸಭೆಗೆ ಮುಂಚೆ ಏನು, ಸಭೆಯ ನಂತರ ಏನು?

ಕೆನ್ಯಾದ ಕರಾವಳಿಯಲ್ಲಿ ಮೊಂಬಾಸಾ ಇದೆ. ಅದರ ಬಂದರಿನ ಪಕ್ಕದ ಸಂಸದೀಯ ಕ್ಷೇತ್ರ ಚಾಂಗಾಮ್ವೆ. 2007ರ ಆಗಸ್ಟ್‌ನಲ್ಲಿ ಇಲ್ಲಿನ ಜನ ಸಭೆ ಸೇರಿ ತಮ್ಮ ಕ್ಷೇತ್ರಾಭಿವೃದ್ಧಿ ನಿಧಿಯ ಲೆಕ್ಕ ಕೇಳಿದರು. ಸಭೆ ಕರೆದದ್ದು ಮುಹುರಿ, ಅಂದರೆ ಮುಸ್ಲಿಮ್ಸ್ ಫಾರ್ ಹ್ಯೂಮನ್ ರೈಟ್ಸ್ ಎಂಬ ಅಲ್ಲಿನ ಸಂಘಟನೆ. ಲೆಕ್ಕ ಕೇಳುವ ಬಗೆಯನ್ನು ಹೇಳಿಕೊಡಲು ಹೋದವರು ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು. ಇವರಿಬ್ಬರ ನಡುವೆ ನಂಟು ಬೆಸೆದದ್ದು ಇಂಟರ್‌ನ್ಯಾಷನಲ್ ಬಜೆಟ್ ಪಾರ್ಟ್‌ನರ್‌ಶಿಪ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ.

ಗ್ರಾಮ ಪಂಚಾಯಿತಿಗಳ ಸಾಮಾಜಿಕ ಪರಿಶೋಧನೆ, ಅಂದರೆ ಖರ್ಚಿನ ಲೆಕ್ಕವನ್ನು ಊರಿನವರ ಜೊತೆ ಸೇರಿ ಪರಿಶೀಲಿಸುವುದು, ನನ್ನ ಕೆಲಸ. ತರಬೇತಿಗಳಲ್ಲಿ ಚಾಂಗಾಮ್ವೆಯ ವಿಷಯ ಹೇಳಿದಾಗಲೆಲ್ಲ ಎಲ್ಲರೂ ಸಭೆಯ ಬಗ್ಗೆಯೇ ಕೇಳುತ್ತಾರೆ. ಎಷ್ಟು ಜನ ಬಂದಿದ್ದರು, ಅಧಿಕಾರಿಗಳು ಏನೆಂದರು, ಗಲಾಟೆ ಆಯಿತಾ. ನನಗೆ ಕಾಣುವುದು ಬೇರೆ. ಲೆಕ್ಕ ಕೇಳುವ ಬಲ ಬರುವುದು ಸಭೆಗೆ ಮುಂಚಿನ ವಾರಗಳಲ್ಲಿ. ಅದು ಉಳಿಯುತ್ತದೋ ಇಲ್ಲವೋ ಎಂದು ತಿಳಿಯುವುದು ಸಭೆಯ ನಂತರದ ತಿಂಗಳುಗಳಲ್ಲಿ. ಆಫ್ರಿಕಾ ಒಂದು ದೇಶ ಅಲ್ಲ, 54 ದೇಶಗಳ ಖಂಡ. ಅದರಲ್ಲಿ ನಾನು ಓದಿ ತಿಳಿದ ಕೆಲವು ಊರುಗಳ ಮಾತನ್ನಷ್ಟೇ ಇಲ್ಲಿ ಹೇಳುತ್ತೇನೆ.

ಮೊದಲು ಈ ನಿಧಿ ಏನು ಅಂತ ನೋಡೋಣ. ಕೆನ್ಯಾ 2003ರಲ್ಲಿ ಒಂದು ಕಾಯ್ದೆ ಮಾಡಿತು. ಸರ್ಕಾರದ ಸಾಮಾನ್ಯ ಆದಾಯದಲ್ಲಿ ಕನಿಷ್ಠ ಶೇ. 2.5ರಷ್ಟನ್ನು ಕ್ಷೇತ್ರಗಳಿಗೆ ಹಂಚಬೇಕು. ಮುಕ್ಕಾಲು ಪಾಲು ಎಲ್ಲ ಕ್ಷೇತ್ರಗಳಿಗೂ ಸಮಾನ, ಉಳಿದದ್ದು ಬಡತನ ನೋಡಿ. ಶಾಲೆ ಕೊಠಡಿ, ಔಷಧಾಲಯ, ನೀರಿನ ಕೊಳವೆ, ಬಡ ಮಕ್ಕಳ ಶುಲ್ಕ ಎಲ್ಲಕ್ಕೂ ಈ ಹಣ ಬರುತ್ತಿತ್ತು. ನಮ್ಮ ಸಂಸದರ ನಿಧಿಯ ಹಾಗೆಯೇ ಅಲ್ವಾ ಅನ್ನಿಸಬಹುದು. ಒಂದು ದೊಡ್ಡ ವ್ಯತ್ಯಾಸವಿತ್ತು. ನಮ್ಮಲ್ಲಿ ಸಂಸದರು ಕಾಮಗಾರಿ ಸೂಚಿಸುತ್ತಾರೆ, ಹಣ ಖರ್ಚು ಮಾಡುವುದು ಜಿಲ್ಲಾಡಳಿತ. ಅಲ್ಲಿ ಕ್ಷೇತ್ರದ ಸಮಿತಿಯನ್ನು ಕಟ್ಟುವುದರಲ್ಲೇ ಸಂಸದರ ಕೈ ಇತ್ತು, ಖರ್ಚು ನಡೆಸುವುದು ಅದೇ ಸಮಿತಿ. ಸರ್ಕಾರದ ಖರ್ಚನ್ನು ಸಂಸತ್ತಿನಲ್ಲಿ ಪ್ರಶ್ನಿಸಬೇಕಾದವರೇ ಊರಿನಲ್ಲಿ ಖರ್ಚು ಮಾಡುವವರೂ ಆದರು. ಆಮೇಲೆ ಪ್ರಶ್ನೆ ಕೇಳುವವರು ಯಾರು?

ಚಾಂಗಾಮ್ವೆಯಲ್ಲಿ ಆ ಪ್ರಶ್ನೆ ಎತ್ತಿಕೊಂಡದ್ದು ಮುಹುರಿ. ಆಗ ಕೆನ್ಯಾದಲ್ಲಿ ಮಾಹಿತಿ ಹಕ್ಕಿನ ಕಾಯ್ದೆಯೇ ಇರಲಿಲ್ಲ. ಸಮಿತಿಯವರ ಹಿಂದೆ ಓಡಾಡಿ, ಮಾತಾಡಿ, ಒಪ್ಪಿಸಿ, ಕೊನೆಗೆ 14 ಕಾಮಗಾರಿಗಳ ಕಡತ ಸಿಕ್ಕವು. ಕೇವಲ 14 ಎಂದು ಮೂಗು ಮುರಿಯಬೇಡಿ. ಈ ಕೆಲಸದಲ್ಲಿ ಪೂರ್ತಿ ಕಡತ ಇರುವ ಒಂದು ಕಾಮಗಾರಿ, ಬರೀ ಹೆಸರಿರುವ ನೂರು ಕಾಮಗಾರಿಗಳ ಪಟ್ಟಿಗಿಂತ ಹೆಚ್ಚು ಬೆಲೆಯದು.

ಯಾಕೆ ಅಂತ ಹೇಳುತ್ತೇನೆ. ಪಟ್ಟಿಯಲ್ಲಿ ‘ಚರಂಡಿ ಕಾಮಗಾರಿ, ಪೂರ್ಣಗೊಂಡಿದೆ’ ಎಂದಿರುತ್ತದೆ. ಅದನ್ನು ಹಿಡಿದುಕೊಂಡು ಹೋದರೆ ಚರಂಡಿ ಕಾಣುತ್ತದೆ. ಆಯಿತು, ವಾಪಸ್ ಬರಬೇಕು. ಅದೇ ಕೈಯಲ್ಲಿ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕ, ಬಿಲ್ಲು ನಾಲ್ಕೂ ಇದ್ದರೆ ನೋಡುವ ಕಣ್ಣೇ ಬೇರೆ. ಎಷ್ಟು ಮೀಟರ್ ಉದ್ದ ಬರೆದಿದ್ದಾರೆ, ಟೇಪ್ ಹಿಡಿದರೆ ಎಷ್ಟು ಬರುತ್ತದೆ? ಎಷ್ಟು ಮೂಟೆ ಸಿಮೆಂಟ್‌ಗೆ ಬಿಲ್ಲು ಆಗಿದೆ? ಅಲ್ಲಿ ಕೂಲಿ ಮಾಡಿದವರು ಅದೇ ಓಣಿಯಲ್ಲಿ ಇರುತ್ತಾರೆ. ಅವರಿಗೆ ಎಲ್ಲ ಗೊತ್ತಿರುತ್ತದೆ. ಅವರ ಹತ್ತಿರ ಇಲ್ಲದ್ದು ಕಾಗದ ಮಾತ್ರ.

ರಾಜಸ್ಥಾನದವರು ಹೇಳಿಕೊಟ್ಟದ್ದು ಬಹುಮಟ್ಟಿಗೆ ಇದನ್ನೇ. 1994ರ ಡಿಸೆಂಬರ್‌ನಲ್ಲಿ ಕೋಟ್ ಕಿರಾನಾ ಗ್ರಾಮದಲ್ಲಿ ಮೊದಲ ಜನ ಸುನವಾಯಿ, ಅಂದರೆ ಲೆಕ್ಕ ಕೇಳುವ ಬಹಿರಂಗ ಸಭೆ, ನಡೆಸಿದಾಗ ಅವರ ಕೈಯಲ್ಲಿದ್ದದ್ದು ಮಸ್ಟರ್ ರೋಲ್ (ಕೂಲಿಯವರ ಹಾಜರಿ ಪಟ್ಟಿ), ಓಚರ್‌ಗಳು. ಮುಹುರಿ ಅದನ್ನು ತನ್ನ ಊರಿಗೆ ಹೊಂದಿಸಿ ಆರು ಹಂತ ಮಾಡಿಕೊಂಡಿತು. ಕಡತ ತರುವುದು, ಸ್ಥಳೀಯರಿಗೆ ಓದಲು ಕಲಿಸುವುದು, ಡೋಲು ಬಾರಿಸಿ ಬೀದಿ ನಾಟಕ ಆಡಿ ವಿಷಯ ಹರಡುವುದು, ಕಾಮಗಾರಿ ಸ್ಥಳಕ್ಕೆ ಹೋಗಿ ನೋಡುವುದು, ಬಹಿರಂಗ ಸಭೆ, ಕೊನೆಗೆ ಅಧಿಕಾರಿಗಳ ಹಿಂದೆ ಬಿದ್ದು ಹೇಳಿದ್ದನ್ನು ಮಾಡಿಸುವುದು. ಸಭೆ ಬರುವುದು ಐದನೆಯದಾಗಿ. ಅದು ಕೊನೆಯದೂ ಅಲ್ಲ.

ಎರಡನೇ ಹಂತದ ಬಗ್ಗೆ ಒಂದು ಮಾತು. ರಾಜಧಾನಿಯಿಂದ ತಜ್ಞರು ಬಂದು ವಾರದಲ್ಲಿ ವರದಿ ಮಾಡಿ ಹೋಗಬಹುದು. ವರದಿ ಚೆನ್ನಾಗಿಯೂ ಇರುತ್ತದೆ. ಅವರು ಬಸ್ಸು ಹತ್ತಿದ ಮೇಲೆ ಊರಲ್ಲಿ ಏನೂ ಉಳಿಯುವುದಿಲ್ಲ. ಅಳತೆ ಪುಸ್ತಕ ಓದಲು ಕಲಿತ ನಾಲ್ಕು ಹೆಣ್ಣುಮಕ್ಕಳು ಊರಲ್ಲಿದ್ದರೆ ಮುಂದಿನ ವರ್ಷದ ಬಿಲ್ಲು ಬರೆಯುವವರೂ ಸ್ವಲ್ಪ ಯೋಚನೆ ಮಾಡುತ್ತಾರೆ. ನಾಗರಿಕ ಸಮಾಜ ಬಲವಾಗುವುದು ಅಂದರೆ ನನ್ನ ಪ್ರಕಾರ ಇಷ್ಟೇ.

ಕೇಪ್ ಟೌನ್‌ನ ಖಯೆಲಿತ್ಶಾದಲ್ಲಿ 2013ರ ಏಪ್ರಿಲ್‌ನಲ್ಲಿ ಹೀಗೇ ಆಯಿತು. ಸೋಷಿಯಲ್ ಜಸ್ಟಿಸ್ ಕೊಯಲಿಷನ್ ಎಂಬ ಸಂಘಟನೆ ಅಲ್ಲಿನ ಗುಡಿಸಲು ಬಡಾವಣೆಗಳ ನಿವಾಸಿಗಳ ಜೊತೆ ಸೇರಿ ತಾತ್ಕಾಲಿಕ ಶೌಚಾಲಯಗಳನ್ನು ಒಂದೊಂದಾಗಿ ಎಣಿಸಿತು. ನಗರಪಾಲಿಕೆ ಗುತ್ತಿಗೆದಾರರಿಗೆ ದುಡ್ಡು ಕೊಡುತ್ತಿದ್ದದ್ದು 346ಕ್ಕೆ. ಸಿಕ್ಕಿದ್ದು 256. ಶೌಚಾಲಯವನ್ನು ನೆಲಕ್ಕೆ ಭದ್ರವಾಗಿ ಕಟ್ಟಬೇಕು ಎಂಬ ಷರತ್ತೂ ಗುತ್ತಿಗೆಯಲ್ಲಿತ್ತು. ಕೇಳಲು ಸಣ್ಣ ವಿಷಯ. ರಾತ್ರಿ ಹೊತ್ತು ಒಳಗೆ ಕೂತಿರುವಾಗ ಆ ಪ್ಲಾಸ್ಟಿಕ್ ಪೆಟ್ಟಿಗೆ ಉರುಳಿ ಬಿದ್ದರೆ ಹೇಗಿರುತ್ತದೆ ಎಂದು ಅಲ್ಲಿನ ಹೆಂಗಸರಿಗೆ ಗೊತ್ತು. ಗುತ್ತಿಗೆಯ ಕಾಗದ ಓದುವ ತನಕ ಅದು ಬರೀ ಕಷ್ಟವಾಗಿತ್ತು. ಓದಿದ ಮೇಲೆ ಅದು ಷರತ್ತು ಮುರಿದ ಪ್ರಕರಣ.

ಈಗ ಉಗಾಂಡಾ. ಲೆಕ್ಕ ಕೇಳುವ ಕೆಲಸದಲ್ಲಿರುವವರೆಲ್ಲ ಈ ಉದಾಹರಣೆ ಕೊಡುತ್ತಾರೆ. ಸರ್ಕಾರ ಪ್ರಾಥಮಿಕ ಶಾಲೆಗಳಿಗೆ ಮಗುವಿಗೆ ಇಷ್ಟು ಎಂದು ಅನುದಾನ ಕಳಿಸುತ್ತಿತ್ತು. 250 ಶಾಲೆಗಳಲ್ಲಿ ಸಮೀಕ್ಷೆ ಮಾಡಿದಾಗ, 1991ರಿಂದ 1995ರ ನಡುವೆ ಶಾಲೆಗೆ ತಲುಪಿದ್ದು ಸರಾಸರಿ ನೂರಕ್ಕೆ 13 ಎಂದು ಗೊತ್ತಾಯಿತು. ಅರ್ಧಕ್ಕಿಂತ ಹೆಚ್ಚು ಶಾಲೆಗಳಿಗೆ ಏನೂ ಮುಟ್ಟಿರಲಿಲ್ಲ. ಶಾಲೆ ನಡೆಯುತ್ತಿದ್ದದ್ದು ತಂದೆತಾಯಿ ಕೊಡುವ ದುಡ್ಡಿನಲ್ಲಿ. ಸರ್ಕಾರದಿಂದ ಹಣ ಬರುತ್ತದೆ ಎಂದೇ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಆಮೇಲೆ ಯಾವ ಜಿಲ್ಲೆಗೆ ಎಷ್ಟು ಬಿಡುಗಡೆಯಾಯಿತು ಎಂದು ಪತ್ರಿಕೆಗಳಲ್ಲಿ ಅಚ್ಚು ಹಾಕಿಸಿದರು. ಶಾಲೆಯ ಗೋಡೆಗೂ ಹಾಕಬೇಕು ಎಂದರು. 2001ರ ಹೊತ್ತಿಗೆ ಶೇ. 80ರಷ್ಟು ತಲುಪತೊಡಗಿತು.

ಇಲ್ಲಿಗೆ ನಿಲ್ಲಿಸಿದರೆ ಪತ್ರಿಕೆಯೇ ಎಲ್ಲ ಮಾಡಿತು ಅನ್ನಿಸುತ್ತದೆ. ಹಲವರು ಹಾಗೇ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅದೇ ಹೊತ್ತಿನಲ್ಲಿ ಉಗಾಂಡಾದ ಹಣಕಾಸು ಇಲಾಖೆ ಹಣ ಕಳಿಸುವ ದಾರಿಯನ್ನೇ ಬಿಗಿ ಮಾಡುತ್ತಿತ್ತು. 1997ರಲ್ಲಿ ಎಲ್ಲರಿಗೂ ಉಚಿತ ಪ್ರಾಥಮಿಕ ಶಿಕ್ಷಣ ಬಂತು, ರಾಜಕೀಯವಾಗಿ ಅದು ಅಧ್ಯಕ್ಷರ ಮರ್ಯಾದೆಯ ಪ್ರಶ್ನೆಯಾಯಿತು. ಕೆಳಗಿನಿಂದ ಕೇಳುವವರು ಇದ್ದರು, ಮೇಲಿನಿಂದ ತಿವಿಯುವವರೂ ಇದ್ದರು. ಎರಡೂ ಒಟ್ಟಿಗೆ ಇದ್ದದ್ದರಿಂದ ಕೆಲಸ ಆಯಿತು.

ಇದಕ್ಕೆ ಅದೇ ದೇಶದಲ್ಲಿ ಇನ್ನೊಂದು ಸಾಕ್ಷಿ ಇದೆ, ಅದಕ್ಕೆ ಬೆಂಗಳೂರಿನ ನಂಟೂ ಇದೆ. ಸ್ಯಾಮ್ಯುಯೆಲ್ ಪಾಲ್ ಮತ್ತು ಅವರು ಕಟ್ಟಿದ ಪಬ್ಲಿಕ್ ಅಫೇರ್ಸ್ ಸೆಂಟರ್ ಎಂಬ ಸಂಸ್ಥೆ 1990ರ ದಶಕದಲ್ಲಿ ಬೆಂಗಳೂರಿನ ನೀರು, ವಿದ್ಯುತ್, ಪಾಲಿಕೆ ಸೇವೆಗಳಿಗೆ ನಾಗರಿಕರಿಂದಲೇ ಅಂಕಪಟ್ಟಿ ಕೊಡಿಸಿದರು. ಆ ಉಪಾಯ ಆಫ್ರಿಕಾಕ್ಕೂ ಹೋಯಿತು. 2007ರಲ್ಲಿ ನೈರೋಬಿ, ಮೊಂಬಾಸಾ, ಕಿಸುಮು ನಗರಗಳ ನೀರು ಮತ್ತು ನೈರ್ಮಲ್ಯ ಸೇವೆಗೆ ಇಂಥ ಅಂಕಪಟ್ಟಿ ಮಾಡಿದಾಗ ಬೆಂಗಳೂರಿನವರ ನೆರವು ಇತ್ತು. ಉಗಾಂಡಾದಲ್ಲಿ 9 ಜಿಲ್ಲೆಗಳ 50 ಆರೋಗ್ಯ ಕೇಂದ್ರಗಳಲ್ಲಿ ಅಂಥದ್ದೇ ಒಂದು ಪ್ರಯೋಗ ನಡೆಯಿತು. ಕೆಲವು ಕಡೆ ಊರಿನವರಿಗೆ ತಮ್ಮ ಕೇಂದ್ರದ ಅಂಕಪಟ್ಟಿ ಕೊಟ್ಟು, ಸಿಬ್ಬಂದಿಯ ಜೊತೆ ಕೂರಿಸಿ, ಏನು ಸರಿಪಡಿಸಬೇಕು ಎಂದು ಒಪ್ಪಂದ ಮಾಡಿಸಿದರು. ಒಂದು ವರ್ಷದ ನಂತರ ಆ ಊರುಗಳಲ್ಲಿ ಐದು ವರ್ಷದೊಳಗಿನ ಮಕ್ಕಳ ಸಾವು ಸುಮಾರು ಮೂರನೇ ಒಂದರಷ್ಟು ಕಡಿಮೆ ಇತ್ತು. 2009ರಲ್ಲಿ ಫಲಿತಾಂಶ ಪ್ರಕಟವಾದಾಗ ನಮ್ಮಂಥವರಿಗೆಲ್ಲ ಹಬ್ಬ.

ಆಮೇಲೆ ಅದೇ ಉಗಾಂಡಾದಲ್ಲಿ ಹಲವು ಪಟ್ಟು ದೊಡ್ಡದಾಗಿ ಅದನ್ನೇ ಮಾಡಿ ನೋಡಿದರು. ಚಿಕಿತ್ಸೆಯ ಗುಣಮಟ್ಟ ಸ್ವಲ್ಪ ಸುಧಾರಿಸಿತು. ಮಕ್ಕಳ ಸಾವಿನಲ್ಲಿ ಹೇಳಿಕೊಳ್ಳುವ ಬದಲಾವಣೆ ಕಾಣಲಿಲ್ಲ. ಈ ಎರಡನೇ ಫಲಿತಾಂಶವನ್ನು ತರಬೇತಿಗಳಲ್ಲಿ ಯಾರೂ ಹೇಳುವುದಿಲ್ಲ. ಹೇಳಬೇಕು. ಔಷಧಿ ಸರಬರಾಜು, ಖಾಲಿ ಹುದ್ದೆ, ಸಂಬಳ ಯಾವುದೂ ಆ ಕೇಂದ್ರದ ನರ್ಸಮ್ಮನ ಕೈಯಲ್ಲಿ ಇರುವುದಿಲ್ಲ. ಊರಿನವರು ಅವರನ್ನು ಎಷ್ಟು ಕೇಳಿದರೂ ಅವರು ಏನು ಮಾಡಿಯಾರು? ಉತ್ತರ ಕೊಡಬೇಕಾದವರು ಮೂರು ಮೆಟ್ಟಿಲು ಮೇಲೆ ಕೂತಿರುವಾಗ ಸಭೆ ಮಾತ್ರ ಊರಲ್ಲಿ ನಡೆದರೆ, ಪಾಪದವರು ಪಾಪದವರನ್ನೇ ಬೈದು ಮನೆಗೆ ಹೋಗುತ್ತಾರೆ. ನಮ್ಮ ಪಂಚಾಯಿತಿ ಜಮಾಬಂದಿ, ಅಂದರೆ ವರ್ಷದ ಲೆಕ್ಕ ತಪಾಸಣೆ, ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಿಲ್ ಕಲೆಕ್ಟರ್ ತಲೆ ತಗ್ಗಿಸಿ ನಿಂತಿರುತ್ತಾನೆ. ಅಂದಾಜು ಪಟ್ಟಿಗೆ ಸಹಿ ಹಾಕಿದ ಎಂಜಿನಿಯರ್ ಬಂದೇ ಇರುವುದಿಲ್ಲ.

ಇನ್ನು ಕೇಳುವವರ ಸುರಕ್ಷತೆ. ಇದರ ಬಗ್ಗೆ ಯೋಜನಾ ವರದಿಗಳಲ್ಲಿ ಒಂದು ಸಾಲು ಬರೆದು ಮುಂದೆ ಹೋಗುತ್ತಾರೆ, ಅದು ನನಗೆ ಬೇಸರ ತರಿಸುತ್ತದೆ. 2015ರ ಏಪ್ರಿಲ್‌ನಲ್ಲಿ ಕೆನ್ಯಾದ ಗರಿಸ್ಸಾ ವಿಶ್ವವಿದ್ಯಾಲಯದ ಮೇಲೆ ಭಯೋತ್ಪಾದಕರ ದಾಳಿ ಆಯಿತು, 148 ಜನ ಸತ್ತರು. ಅದಾದ ಕೆಲವೇ ದಿನಗಳಲ್ಲಿ ಕೆನ್ಯಾ ಸರ್ಕಾರ ಭಯೋತ್ಪಾದನೆಯ ನಂಟಿನ ಅನುಮಾನವಿರುವ ಸಂಸ್ಥೆ, ವ್ಯಕ್ತಿಗಳ ಪಟ್ಟಿ ಹೊರಡಿಸಿತು. ಮುಹುರಿ ಮತ್ತು ಹಕಿ ಆಫ್ರಿಕಾ ಎಂಬ ಇನ್ನೊಂದು ಮಾನವ ಹಕ್ಕು ಸಂಘಟನೆಯ ಹೆಸರೂ ಅದರಲ್ಲಿತ್ತು. ಬ್ಯಾಂಕ್ ಖಾತೆ ಮುಟ್ಟುಗೋಲು. ಜೂನ್‌ನಲ್ಲಿ ಮೊಂಬಾಸಾದ ಹೈಕೋರ್ಟ್ ಭಯೋತ್ಪಾದನೆಯ ನಂಟಿಗೆ ಪುರಾವೆ ಇಲ್ಲ ಎಂದಿತು. ಆದರೂ ಖಾತೆ ಬಿಡಿಸಲು ನವೆಂಬರ್‌ನ ಆದೇಶದವರೆಗೆ ಕಾಯಬೇಕಾಯಿತು. ಅಷ್ಟು ತಿಂಗಳು ಸಂಬಳ, ಬಾಡಿಗೆ, ವಕೀಲರ ಖರ್ಚು ಹೇಗೆ ತೂಗಿಸಿರಬಹುದು! ಸಂಸ್ಥೆಯನ್ನು ಮುಚ್ಚಲೇಬೇಕು ಅಂತೇನಿಲ್ಲ. ಖಾತೆ ನಿಲ್ಲಿಸಿದರೆ ಸಾಕು, ಕಡತ ಕೇಳಲು ಹೋಗುವವರ ಬಸ್ ಚಾರ್ಜಿಗೂ ದುಡ್ಡಿರುವುದಿಲ್ಲ.

ಇಥಿಯೋಪಿಯಾ ಇದನ್ನು ಕಾನೂನಿನಲ್ಲೇ ಬರೆದಿತ್ತು. 2009ರ ಕಾಯ್ದೆ ಪ್ರಕಾರ ಮಾನವ ಹಕ್ಕಿನ ಕೆಲಸ ಮಾಡುವ ಸಂಸ್ಥೆಗಳು ಹೊರದೇಶದಿಂದ ಶೇ. 10ಕ್ಕಿಂತ ಜಾಸ್ತಿ ಹಣ ಪಡೆಯುವಂತಿರಲಿಲ್ಲ. 2019ರಲ್ಲಿ ಅದನ್ನು ತೆಗೆದು ಹೊಸ ಕಾಯ್ದೆ ತಂದರು. ಕೆನ್ಯಾದಲ್ಲಿ ಸಂಘಸಂಸ್ಥೆಗಳಿಗೆ ಅನುಕೂಲವಾದ ಕಾಯ್ದೆ 2013ರಲ್ಲೇ ಸಹಿಯಾಗಿತ್ತು. ಜಾರಿಗೆ ಬಂದದ್ದು 2024ರ ಮೇ ತಿಂಗಳಲ್ಲಿ.

ಹಾಗಂತ ಚಿತ್ರವೆಲ್ಲ ಕಪ್ಪಲ್ಲ. 2010ರಲ್ಲಿ ಕೆನ್ಯಾ ಹೊಸ ಸಂವಿಧಾನ ಪಡೆಯಿತು. ಮಾಹಿತಿ ಪಡೆಯುವುದು ಅದರ 35ನೇ ವಿಧಿಯಲ್ಲಿ ಹಕ್ಕಾಯಿತು. ಸಾರ್ವಜನಿಕ ಹಣದ ವಿಷಯದಲ್ಲಿ ಜನರ ಪಾಲ್ಗೊಳ್ಳುವಿಕೆ ಇರಬೇಕು ಎಂದು 201ನೇ ವಿಧಿ ಹೇಳಿತು. 2016ರ ಮಾಹಿತಿ ಹಕ್ಕಿನ ಕಾಯ್ದೆ ಬಂದ ಮೇಲೆ ಅರ್ಜಿಗೆ 21 ದಿನದಲ್ಲಿ ಉತ್ತರ ಕೊಡಬೇಕು. ನಮ್ಮಲ್ಲಿ 30 ದಿನ. ಉತ್ತರ ಬಾರದಿದ್ದರೆ ಆಡಳಿತ ನ್ಯಾಯ ಆಯೋಗಕ್ಕೆ ಹೋಗಬಹುದು. ಚಾಂಗಾಮ್ವೆಯಲ್ಲಿ ಕೈಮುಗಿದು ಪಡೆದ ಕಡತವನ್ನು ಈಗ ಅರ್ಜಿ ಹಾಕಿ ಕೇಳಬಹುದು.

ಕ್ಷೇತ್ರಾಭಿವೃದ್ಧಿ ನಿಧಿಯೂ ಕೋರ್ಟಿಗೆ ಹೋಯಿತು. ದಿ ಇನ್‌ಸ್ಟಿಟ್ಯೂಟ್ ಫಾರ್ ಸೋಷಿಯಲ್ ಅಕೌಂಟಬಿಲಿಟಿ ಎಂಬ ಸಂಸ್ಥೆ ಮುಂದಾಳಾಗಿ ಹೂಡಿದ ಮೊಕದ್ದಮೆಯಲ್ಲಿ, 2003ರದ್ದರ ಜಾಗಕ್ಕೆ ಬಂದಿದ್ದ ನಿಧಿಯ 2013ರ ಕಾಯ್ದೆ ಸಂವಿಧಾನಬಾಹಿರ ಎಂದು 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸಂಸದರು ಖರ್ಚನ್ನು ಪರಿಶೀಲಿಸುವವರು, ಖರ್ಚು ಮಾಡುವವರಾಗಬಾರದು ಎಂಬುದು ಅದರ ತಿರುಳು. ಅದರ ಬದಲಿಗೆ ತಂದಿದ್ದ 2015ರ ಕಾಯ್ದೆಯನ್ನೂ 2024ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ರದ್ದು ಮಾಡಿ, 2026ರ ಜೂನ್ 30ರ ಗಡುವು ಹಾಕಿತು. ಆಗ ಸಂಸದರು ಸಂವಿಧಾನವನ್ನೇ ತಿದ್ದಿ ನಿಧಿಯನ್ನು ಉಳಿಸಿಕೊಳ್ಳಲು ಹೊರಟರು. 2025ರ ಜುಲೈನಲ್ಲಿ ಕೆಳಮನೆ ಅದಕ್ಕೆ ಒಪ್ಪಿಗೆಯನ್ನೂ ಕೊಟ್ಟಿತು.

ಈ ನಿಧಿ ಬೇಕು ಎನ್ನುವ ಜನ ಕಡಿಮೆ ಇಲ್ಲ. ಅದಕ್ಕೆ ಕಾರಣ ಮಕ್ಕಳ ಶಾಲಾ ಶುಲ್ಕ. ಬಡವರ ಮಗಳು ಹೈಸ್ಕೂಲಿಗೆ ಹೋಗುವುದು ಈ ದುಡ್ಡಿನಿಂದ ಅಂದರೆ ಅವಳ ತಾಯಿಗೆ ಅಧಿಕಾರ ವಿಭಜನೆಯ ಪಾಠ ಹೇಳಲು ನಾನಂತೂ ಹೋಗುವುದಿಲ್ಲ. ಆ ತಾಯಿಯ ಪ್ರಶ್ನೆಯಿಂದಲೇ ಕೆಲಸ ಶುರು ಮಾಡಬೇಕು. ಈ ವರ್ಷ ನಮ್ಮ ಕ್ಷೇತ್ರದಲ್ಲಿ ಯಾರ್ಯಾರ ಶುಲ್ಕ ಕಟ್ಟಿದ್ದೀರಿ? ಅರ್ಜಿ ಹಾಕಿದವರು ಎಷ್ಟು ಜನ? ಯಾವ ಲೆಕ್ಕದಲ್ಲಿ ಆರಿಸಿದಿರಿ? ಚೆಕ್ ಯಾವ ಶಾಲೆಗೆ, ಯಾವ ತಾರೀಖಿಗೆ ಹೋಯಿತು? ಹಣ ಕೊನೆಗೆ ಸಂಸದರ ಸಮಿತಿಯಲ್ಲೇ ಉಳಿಯಲಿ, ಕೌಂಟಿ (ಜಿಲ್ಲೆಯಂಥ ಘಟಕ) ಸರ್ಕಾರಕ್ಕೆ ಹೋಗಲಿ, ಇಲಾಖೆಗೆ ಸೇರಲಿ, ಈ ನಾಲ್ಕು ಪ್ರಶ್ನೆಗಳನ್ನು 2016ರ ಕಾಯ್ದೆಯಡಿ ಒಂದೇ ಅರ್ಜಿಯಲ್ಲಿ ಕೇಳಬಹುದು. ಅಲ್ಲಿನ ಊರ ಗುಂಪುಗಳು ಮೊದಲು ಹಿಡಿಯಬೇಕಾದ ಕೆಲಸ ಇದು ಎಂದು ನನಗೆ ಅನ್ನಿಸುತ್ತದೆ. ಅರ್ಜಿಯ ಪ್ರತಿಗೆ ಸ್ವೀಕೃತಿಯ ಸೀಲು ಹಾಕಿಸಿಕೊಂಡು, 21 ದಿನ ಎಣಿಸಿ, ಉತ್ತರ ಬಾರದಿದ್ದರೆ 22ನೇ ದಿನವೇ ಆಯೋಗಕ್ಕೆ ದೂರು ಕೊಡುವುದು.