ಕಾರು ಹೋಯಿತು, ಚುಕ್ಕಿ ಉಳಿದಿದೆ

ರಾತ್ರಿ ಮನೆ ಮುಂದೆ ನಿಲ್ಲಿಸಿದ್ದ ಕಾರು ಬೆಳಗ್ಗೆ ನೋಡಿದರೆ ಇಲ್ಲ. ಎದೆ ಧಸಕ್ಕೆನ್ನುತ್ತದೆ. ಮನೆಯವರು ಯಾರೂ ಒಯ್ದಿಲ್ಲ. ಆಗ ನೆನಪಾಗುತ್ತದೆ, ಕಾರಿನಲ್ಲಿ ಟ್ರ್ಯಾಕರ್ ಇದೆ! ಆಪ್ ತೆರೆದರೆ ನಕ್ಷೆಯಲ್ಲಿ ಒಂದು ಚುಕ್ಕಿ. ನೆಲಮಂಗಲ ದಾಟಿ ತುಮಕೂರು ಕಡೆ ಹೊರಟಿದೆ. ಆಗ ಬರುವ ಮೊದಲ ಯೋಚನೆ, ತಮ್ಮನನ್ನು ಎಬ್ಬಿಸಿ ಬೈಕ್ ಹತ್ತಿ ಹಿಂದೆ ಬೀಳೋಣ ಅಂತ.

ದಯವಿಟ್ಟು ಬೇಡ. ಕಳ್ಳನ ಕೈಯಲ್ಲಿ ಏನಿದೆಯೋ ಗೊತ್ತಿಲ್ಲ, ಅದೊಂದು ಕಾರಣ. ಇನ್ನೊಂದು ಕಾರಣ ಆ ಚುಕ್ಕಿಯೊಳಗೇ ಇದೆ. ಅದು ಹೇಗೆ ಹುಟ್ಟುತ್ತದೆ ಅಂತ ಗೊತ್ತಿದ್ದರೆ ಮುಂದೆ ಏನು ಮಾಡಬೇಕು ಅನ್ನುವುದು ಸುಲಭವಾಗಿ ಹೊಳೆಯುತ್ತದೆ.

ಆಕಾಶದಿಂದ ಉಪಗ್ರಹವೊಂದು ನಮ್ಮ ಕಾರನ್ನು ನೋಡುತ್ತಿದೆ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಜಿಪಿಎಸ್ ಉಪಗ್ರಹಕ್ಕೆ ನಿಮ್ಮ ಕಾರು ಇರುವುದೇ ಗೊತ್ತಿಲ್ಲ. ಅದು ಸುಮಾರು 20,200 ಕಿಲೋಮೀಟರ್ ಮೇಲಿಂದ ಒಂದೇ ಸಮನೆ ಸಾರುತ್ತಿರುತ್ತದೆ: ನಾನು ಇಂಥವನು, ಇಂಥಲ್ಲಿದ್ದೇನೆ, ಈಗ ಸಮಯ ಇಷ್ಟು. ಕಾರಿನಲ್ಲಿರುವ ಪುಟ್ಟ ಡಬ್ಬಿ ಅದನ್ನು ಕೇಳಿಸಿಕೊಳ್ಳುತ್ತದೆ, ಅಷ್ಟೇ.

ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಒಂದು, ಎರಡು, ಮೂರು ಅಂತ ಎಣಿಸಿದ್ದೀರಲ್ವಾ? ಮೂರು ಸೆಕೆಂಡು ಅಂದರೆ ಸಿಡಿಲು ಸುಮಾರು ಒಂದು ಕಿಲೋಮೀಟರ್ ದೂರ. ಟ್ರ್ಯಾಕರ್ ಮಾಡುವುದೂ ಇದೇ ಲೆಕ್ಕ. ಆದರೆ ಇಲ್ಲಿ ಬರುವುದು ಶಬ್ದವಲ್ಲ, ರೇಡಿಯೋ ಅಲೆ. ಅದು ಬೆಳಕಿನ ವೇಗದಲ್ಲಿ ಬರುತ್ತದೆ. ಉಪಗ್ರಹ ನೆತ್ತಿಯ ಮೇಲಿದ್ದರೆ ಕೆಳಗೆ ತಲುಪಲು ಸೆಕೆಂಡಿನ ಹದಿನೈದನೇ ಒಂದು ಭಾಗ ಸಾಕು. ಲೆಕ್ಕದಲ್ಲಿ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೂ ಜಾಗ 300 ಮೀಟರ್ ಆಚೀಚೆ ಆಗುತ್ತದೆ. ಅದಕ್ಕೇ ಪ್ರತಿ ಉಪಗ್ರಹದಲ್ಲೂ ಪರಮಾಣು ಗಡಿಯಾರ ಇರುತ್ತದೆ. ಡಬ್ಬಿಯಲ್ಲಿರುವುದು ಮಾತ್ರ ಅಗ್ಗದ ಗಡಿಯಾರ. ಹಾಗಾಗಿ ಮೂರು ಉಪಗ್ರಹ ಸಾಲುವುದಿಲ್ಲ. ಜಾಗ ಹಿಡಿಯಲು ಮೂರು, ಡಬ್ಬಿಯ ಗಡಿಯಾರದ ತಪ್ಪು ತಿದ್ದಲು ನಾಲ್ಕನೆಯದು.

ಜಿಪಿಎಸ್‌ನಂತೆ ಜಾಗ ತಿಳಿಸಲೆಂದೇ ಇರುವ ನಮ್ಮದೇ ದೇಶದ ನಾವಿಕ್ ಉಪಗ್ರಹಗಳೂ ಹೀಗೇ ಕೆಲಸ ಮಾಡುತ್ತವೆ. ಅವುಗಳ ಸಮಯವನ್ನು ನೋಡಿಕೊಳ್ಳುವ ಇಸ್ರೋ ಕೇಂದ್ರ ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲೇ ಇದೆ, 2013ರಿಂದ. 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಉಪಗ್ರಹದಲ್ಲಿ ಭಾರತದಲ್ಲೇ ತಯಾರಾದ ಪರಮಾಣು ಗಡಿಯಾರ ಹೋಯಿತು. ಕಳೆದ ಕಾರಿನ ಕಥೆಯಲ್ಲಿ ಇದೇಕೆ ಅನ್ನಿಸಬಹುದು. ಇಂಥ ಗಡಿಯಾರ ಕೈಕೊಟ್ಟರೆ ನಕ್ಷೆಯ ಚುಕ್ಕಿಗೆ ಬೆಲೆಯೇ ಇರುವುದಿಲ್ಲ. ಅದು ನಮ್ಮಲ್ಲೇ ತಯಾರಾಯಿತು ಅನ್ನುವುದು ನನಗಂತೂ ಹೆಮ್ಮೆಯ ವಿಷಯ.

ಜಾಗ ಗೊತ್ತಾದದ್ದು ಡಬ್ಬಿಗೆ. ನಿಮಗಿನ್ನೂ ಗೊತ್ತಾಗಿಲ್ಲ. ಡಬ್ಬಿಯಲ್ಲೊಂದು ಸಿಮ್ ಇದೆ. ಅದು ಮೊಬೈಲ್ ಟವರ್ ಮೂಲಕ ಕಂಪನಿಯ ಸರ್ವರಿಗೆ ಸುದ್ದಿ ಮುಟ್ಟಿಸಬೇಕು. ಅಲ್ಲಿಂದ ನಿಮ್ಮ ಫೋನಿಗೆ. ಅಂದರೆ ಕೇಳುವುದು ಒಂದು ಕೆಲಸ, ಹೇಳುವುದು ಬೇರೆ ಕೆಲಸ. ಎರಡರಲ್ಲಿ ಯಾವುದು ನಿಂತರೂ ಚುಕ್ಕಿ ದಾರಿ ತಪ್ಪಿಸುತ್ತದೆ. (ಸಿಮ್ ರೀಚಾರ್ಜ್ ಆಗದೆ, ವರ್ಷದ ಚಂದಾ ಮುಗಿದು ಸುಮ್ನೆ ಕೂತಿರುವ ಟ್ರ್ಯಾಕರ್‌ಗಳು ಎಷ್ಟೋ. ಇದನ್ನು ಓದುತ್ತಿರುವಾಗಲೇ ನಿಮ್ಮದನ್ನೊಮ್ಮೆ ನೋಡಿಬಿಡಿ.)

ಹಾಗಾಗಿ ಆಪ್ ತೆರೆದಾಗ ಮೊದಲು ನೋಡಬೇಕಾದದ್ದು ಸಮಯ. ಜಾಗ ಆಮೇಲೆ. ಕೊನೆಯ ಸುದ್ದಿ ಬಂದದ್ದು ಎಷ್ಟು ಹೊತ್ತಿಗೆ? ಹತ್ತು ಸೆಕೆಂಡಿನ ಹಿಂದೆಯಾದರೆ ಚುಕ್ಕಿ ಜೀವಂತ. ಎರಡು ಗಂಟೆ ಹಿಂದಿನದಾದರೆ ಕಾರು ಅಲ್ಲಿಲ್ಲದಿರಬಹುದು, ಅದು ಬರೀ ಹಳೆಯ ಗುರುತು. ಚುಕ್ಕಿಯ ಸುತ್ತ ದೊಡ್ಡ ವೃತ್ತ ಕಂಡರೆ ಡಬ್ಬಿಗೆ ಉಪಗ್ರಹ ಕೇಳಿಸುತ್ತಿಲ್ಲ, ಟವರ್ ನೋಡಿ ಅಂದಾಜು ಹೇಳುತ್ತಿದೆ ಅಂತ ಅರ್ಥ. ಆ ಅಂದಾಜು ನೂರಾರು ಮೀಟರ್ ತಪ್ಪಬಹುದು, ಹಳ್ಳಿಗಳ ಕಡೆ ಕಿಲೋಮೀಟರುಗಟ್ಟಲೆ. ಕಾರನ್ನು ಬೇಸ್‌ಮೆಂಟಿಗೋ ಕಬ್ಬಿಣದ ಕಂಟೇನರ್ ಒಳಗೋ ಇಳಿಸಿದ್ದರೆ ಉಪಗ್ರಹದ್ದು, ಟವರಿನದ್ದು ಎರಡೂ ಸದ್ದು ನಿಲ್ಲಬಹುದು. ಕಾಂಕ್ರೀಟು ಮತ್ತು ಲೋಹ ರೇಡಿಯೋ ಅಲೆಯನ್ನು ಸರಿಯಾಗಿ ಒಳಗೆ ಬಿಡುವುದಿಲ್ಲ.

ಸಿಗ್ನಲ್ ತಡೆಯುವ ಜ್ಯಾಮರ್ ಅನ್ನುವ ಯಂತ್ರ ಮಾಡುವುದೂ ಅದನ್ನೇ, ರೇಡಿಯೋ ಗದ್ದಲ ಎಬ್ಬಿಸಿ. ಉಪಗ್ರಹದ ಸದ್ದು ನೆಲಕ್ಕೆ ಬರುವ ಹೊತ್ತಿಗೆ ತೀರಾ ಕ್ಷೀಣವಾಗಿರುತ್ತದೆ. ಜಾತ್ರೆಯ ಮೈಕಿನ ಪಕ್ಕದಲ್ಲಿ ಯಾರೋ ಪಿಸುಗುಟ್ಟಿದ ಹಾಗೆ. ನಮ್ಮ ದೇಶದಲ್ಲಿ ಖಾಸಗಿಯವರು ಜ್ಯಾಮರ್ ಬಳಸುವುದು ಅಪರಾಧ. ಕಳ್ಳನಿಗೆ ಅದರ ಚಿಂತೆ ಇರುವುದಿಲ್ಲ. ಆದರೂ ಚುಕ್ಕಿ ಮಾಯವಾಯಿತು ಅಂತ ಕೈಚೆಲ್ಲಬೇಡಿ. ಮೊಬೈಲ್ ನೆಟ್‌ವರ್ಕ್ ಇಲ್ಲದಾಗ ಕಂಡ ಜಾಗಗಳನ್ನು ಒಳ್ಳೆಯ ಟ್ರ್ಯಾಕರ್‌ಗಳು ನೆನಪಿಟ್ಟುಕೊಂಡಿರುತ್ತವೆ. ನೆಟ್‌ವರ್ಕ್ ಸಿಕ್ಕ ಕೂಡಲೇ ಎಲ್ಲವನ್ನೂ ಕಳಿಸುತ್ತವೆ. ಆಪ್‌ನ ಹಿಸ್ಟರಿ ಭಾಗವನ್ನು ಆಗಾಗ ನೋಡುತ್ತಿರಿ.

ಇನ್ನು ಫೋನ್ ಕರೆ. ತುರ್ತು ಸಂಖ್ಯೆ 112ಕ್ಕೆ ಹೊಡೆಯಿರಿ. ಬೆಂಗಳೂರಿನಲ್ಲಾದರೆ ಪೊಲೀಸರ ಗಸ್ತಿನ ಹೊಯ್ಸಳ ಗಾಡಿಗೆ ಸುದ್ದಿ ಹೋಗುವುದು ಇಲ್ಲಿಂದಲೇ. 'ಕಾರು ಕಳುವಾಗಿದೆ' ಅಂತಷ್ಟೇ ಹೇಳಿ ನಿಲ್ಲಿಸಬೇಡಿ. 'ಟ್ರ್ಯಾಕರ್ ಇದೆ, ಈಗ ಇಂಥ ರಸ್ತೆಯಲ್ಲಿ ಇಂಥ ಕಡೆಗೆ ಹೋಗುತ್ತಿದೆ' ಅನ್ನಿ. ನಂಬರ್, ಬಣ್ಣ, ಮಾಡೆಲ್ ಹೇಳಿ. ಸಾಧ್ಯವಾದರೆ ಆಪ್‌ನಿಂದ ಲೈವ್ ಲಿಂಕ್ ತೆಗೆದು ಪೊಲೀಸರಿಗೆ ಕಳಿಸಿ. ಒಬ್ಬರು ಮನೆಯಲ್ಲಿ ಕೂತು ಚುಕ್ಕಿ ನೋಡಲಿ, ಇನ್ನೊಬ್ಬರು ಆರ್‌ಸಿ ಪ್ರತಿ ಹಿಡಿದು ಠಾಣೆಗೆ ಹೋಗಲಿ. ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಅಂದರೆ ಮೆತ್ತಗೆ ನೆನಪಿಸಿ: 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಎಲ್ಲೇ ನಡೆದ ಕಳುವಾದರೂ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಆನ್‌ಲೈನ್‌ನಲ್ಲಿ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು.

ಸಮಯ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಡಿ. ದಾಖಲೆ ಅಳಿಸದ ಹಾಗೆ ಕಾದಿಡಿ ಅಂತ ಟ್ರ್ಯಾಕರ್ ಕಂಪನಿಗೆ ಅವತ್ತೇ ಬರೆದು ತಿಳಿಸಿ. ಆದರೆ ಪದೇ ಪದೇ 'ಈಗ ಎಲ್ಲಿದ್ದೀಯ' ಅಂತ ಡಬ್ಬಿಯನ್ನು ಕೇಳುತ್ತಾ ಕೂರಬೇಡಿ. ಕಳ್ಳ ಕಾರಿನ ಬ್ಯಾಟರಿ ವೈರ್ ಕಿತ್ತಿದ್ದರೆ ಅದು ಒಳಗಿನ ಪುಟ್ಟ ಬ್ಯಾಟರಿಯಲ್ಲಿ ಉಸಿರು ಹಿಡಿದಿರುತ್ತದೆ. ಪ್ರತಿ ಸಲ ಉತ್ತರ ಕೊಟ್ಟಾಗಲೂ ಒಂದಿಷ್ಟು ಚಾರ್ಜ್ ಖರ್ಚು.

ಕೆಲವು ಟ್ರ್ಯಾಕರ್‌ಗಳಲ್ಲಿ ಇಂಜಿನ್ ಆಫ್ ಮಾಡುವ ಬಟನ್ ಇರುತ್ತದೆ. ಒತ್ತಲು ಕೈ ತುರಿಸುತ್ತದೆ, ಅರ್ಥವಾಗುತ್ತದೆ. ಆದರೆ ಹೆದ್ದಾರಿಯಲ್ಲಿ ಓಡುತ್ತಿರುವ ಕಾರಿನ ಇಂಜಿನ್ ನಿಂತರೆ ಪವರ್ ಸ್ಟೀರಿಂಗ್ ಬಿಗಿಯಾಗುತ್ತದೆ. ಒಂದೆರಡು ಸಲ ತುಳಿದ ಮೇಲೆ ಬ್ರೇಕ್ ಪೆಡಲ್ ಕಲ್ಲಿನಂತಾಗುತ್ತದೆ. ಹಿಂದೆ ಬರುತ್ತಿರುವ ಲಾರಿಗೆ, ಪಕ್ಕದ ಸ್ಕೂಟರಿನಲ್ಲಿರುವ ಮಗುವಿಗೆ ಇದರಲ್ಲಿ ಏನು ತಪ್ಪು? ಕಾರು ಪೂರ್ತಿ ನಿಂತಾಗ, ಅದೂ ಪೊಲೀಸರು ಹೇಳಿದರೆ ಮಾತ್ರ ಒತ್ತಿ.

ಬಹಳ ಜನಕ್ಕೆ ಹೊಳೆಯದ ಇನ್ನೊಂದು ಸಾಕ್ಷಿ ಇದೆ. ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್. ಅದರಲ್ಲಿ ಬ್ಯಾಟರಿಯೇ ಇಲ್ಲ. ಟೋಲ್‌ನಲ್ಲಿರುವ ಯಂತ್ರ ಬಿಡುವ ರೇಡಿಯೋ ಅಲೆಯಿಂದಲೇ ಶಕ್ತಿ ಪಡೆದು ತನ್ನ ಗುರುತು ಹೇಳುತ್ತದೆ. ಕಾರು ತುಮಕೂರಿನ ಹತ್ತಿರದ ಕ್ಯಾತ್ಸಂದ್ರ ಟೋಲ್ ದಾಟಿದರೆ ದುಡ್ಡು ಕಡಿತವಾದ ಮೆಸೇಜ್ ನಿಮ್ಮ ಫೋನಿಗೇ ಬರುತ್ತದೆ. ಟ್ರ್ಯಾಕರ್ ಕಿತ್ತು ಬಿಸಾಡಿದ್ದರೂ ಕಾರು ಯಾವ ಕಡೆ ಹೋಗುತ್ತಿದೆ ಅಂತ ಗೊತ್ತಾಗುತ್ತದೆ. ಅದಕ್ಕೇ ಗಾಬರಿಯಲ್ಲಿ ಫಾಸ್ಟ್ಯಾಗನ್ನು ಮೊದಲೇ ಬ್ಲಾಕ್ ಮಾಡಬೇಡಿ. ಪೊಲೀಸರಿಗೆ ತಿಳಿಸಿ, ಅವರು ಹೇಳಿದ ಮೇಲೆ ಮಾಡಿ. ಹೋಗುವುದು ನೂರಿನ್ನೂರು ರೂಪಾಯಿ.

ಈಗ ಚುಕ್ಕಿ ಒಂದು ಕಡೆ ನಿಂತಿತು ಅಂದುಕೊಳ್ಳಿ. ಊರೊಂದರ ಇಕ್ಕಟ್ಟಾದ ಬೀದಿ. ಹೋಗಿ ಬಾಗಿಲು ತಟ್ಟಬಹುದಾ? ಬಯಲಿನಲ್ಲಾದರೆ ಜಿಪಿಎಸ್ ತಪ್ಪು ಐದಾರು ಮೀಟರ್. ಎತ್ತರದ ಕಟ್ಟಡಗಳ ನಡುವೆ ಅಲೆಗಳು ಗೋಡೆಗೆ ಬಡಿದು ಸುತ್ತಿಕೊಂಡು ಬರುತ್ತವೆ. ದಾರಿ ಉದ್ದವಾಯಿತು, ಲೆಕ್ಕ ತಪ್ಪಿತು. ಹತ್ತಾರು ಮೀಟರ್ ವ್ಯತ್ಯಾಸ ಸಹಜ. ಸಣ್ಣ ಸೈಟುಗಳ ಬೀದಿಯಲ್ಲಿ ಅಷ್ಟರೊಳಗೆ ನಾಲ್ಕೈದು ಮನೆಗಳಿರುತ್ತವೆ. ನೀವು ನಾಲ್ಕು ಜನರನ್ನು ಕರೆದುಕೊಂಡು ಹೋಗಿ 'ಕಳ್ಳ' ಅಂತ ಕೂಗುವ ಬಾಗಿಲು ಏನೂ ತಿಳಿಯದ ಯಾರದೋ ಮನೆಯದಾಗಿರಬಹುದು. ಇದನ್ನು ನೆನೆದರೆ ನನಗೆ ಕಾರು ಹೋಗುವುದಕ್ಕಿಂತ ಜಾಸ್ತಿ ಭಯವಾಗುತ್ತದೆ.

ಇನ್ನೊಂದು ವಿಷಯ. ನಿಂತ ಕಾರು ಬಿಟ್ಟುಹೋದ ಕಾರೇ ಆಗಬೇಕಿಲ್ಲ. ಟ್ರ್ಯಾಕರ್ ಇದ್ದೀತು ಅನ್ನುವ ಅನುಮಾನದಿಂದ ಕಳ್ಳರು ಕೆಲವೊಮ್ಮೆ ಕಾರನ್ನು ಒಂದೆರಡು ದಿನ ಎಲ್ಲೋ ನಿಲ್ಲಿಸುತ್ತಾರೆ. ಯಾರು ಹುಡುಕಿಕೊಂಡು ಬರುತ್ತಾರೆ ಅಂತ ನೋಡಲು. ಆ ಹೊತ್ತಿನಲ್ಲಿ ಸದ್ದಿಲ್ಲದೆ ಪೊಲೀಸರು ತಲುಪಿದರೆ ಕಾರಿನ ಜೊತೆ ಕಳ್ಳನೂ ಸಿಗಬಹುದು. ಕಾರು ಕಣ್ಣಿಗೆ ಬಿದ್ದರೂ ನೀವು ಬಾಗಿಲು ಮುಟ್ಟಬೇಡಿ, ಬೆರಳಚ್ಚು ಅಳಿಸಿಹೋಗುತ್ತದೆ.

ವಿಮೆ ಕಂಪನಿಗೆ ಅವತ್ತೇ ತಿಳಿಸಿ. ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದರೆ ಕಳುವಿಗೆ ಪರಿಹಾರ ಇಲ್ಲ. ಪೂರ್ತಿ ವಿಮೆ ಇದ್ದರೆ ಎರಡೂ ಕೀ ಕೇಳುತ್ತಾರೆ, ಜೋಪಾನ. ಕಾರು ಸಿಗದೇ ಹೋದರೆ ಪತ್ತೆಯಾಗಲಿಲ್ಲ ಅಂತ ಪೊಲೀಸರು ಕೊಡುವ 'ಸಿ' ರಿಪೋರ್ಟ್ ಬೇಕಾಗುತ್ತದೆ.

ಸಿಕ್ಕಿತು ಅನ್ನೋಣ. ಅದು ಮೊದಲು ಬರುವುದು ಠಾಣೆಯ ಅಂಗಳಕ್ಕೆ, ನಿಮ್ಮ ಮನೆಗಲ್ಲ. ವರ್ಷಗಟ್ಟಲೆ ಅಲ್ಲೇ ತುಕ್ಕು ಹಿಡಿಯಬೇಕಾಗಿಲ್ಲ. ಜಪ್ತಿಯಾದ ವಾಹನಗಳನ್ನು ಠಾಣೆಯಲ್ಲಿ ಸುಮ್ನೆ ಕೊಳೆಯಲು ಬಿಡಬಾರದು, ಬಾಂಡ್ ಬರೆಸಿಕೊಂಡು ಬೇಗ ಬಿಡಬೇಕು ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ವಕೀಲರ ಮೂಲಕ ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ ಹಾಕಿ. ಕಾರು ಕೈಗೆ ಬಂದ ದಿನವೇ ಸರ್ವೀಸ್ ಸೆಂಟರಿಗೆ ಒಯ್ದು ಹಳೆಯ ಕೀಗಳ ಕೋಡ್ ಅಳಿಸಿ ಹೊಸದು ಹಾಕಿಸಿ. ಕಳ್ಳನ ಹತ್ತಿರ ನಕಲಿ ಕೀ ಇನ್ನೂ ಇರಬಹುದು. ಹಾಗೇ ಟ್ರ್ಯಾಕರನ್ನೂ ಬೇರೆ ಜಾಗಕ್ಕೆ ಸರಿಸಿ. ಹಳೆಯ ಜಾಗವನ್ನು ಅವನು ನೋಡಿಟ್ಟುಕೊಂಡಿರುತ್ತಾನೆ.