ಕೂಸಿನ ತಲೆ ನಿಧಾನಕ್ಕೆ ಬರಲಿ

ಸೀಮಂತ ಮುಗಿಸಿ ತವರಿಗೆ ಬಂದ ಚೊಚ್ಚಲು ಬಸುರಿ ಡಾಕ್ಟರ ಹತ್ತಿರ ಕೇಳುವುದೇ ಬೇರೆ, ಹಿತ್ತಲಲ್ಲಿ ಅತ್ತಿಗೆಯ ಹತ್ತಿರ ಕೇಳುವುದೇ ಬೇರೆ. ಡಾಕ್ಟರ ಮುಂದೆ ರಕ್ತ ಎಷ್ಟಿದೆ, ಕೂಸಿನ ತಲೆ ಕೆಳಗೆ ತಿರುಗಿದೆಯಾ, ಕಬ್ಬಿಣದ ಮಾತ್ರೆ ನುಂಗಿದರೆ ಓಕರಿಕೆ ಬರುತ್ತದಲ್ಲ ಎನ್ನುತ್ತಾಳೆ. ಅತ್ತಿಗೆಯ ಹತ್ತಿರ ದನಿ ತಗ್ಗಿಸಿ, "ಅಲ್ಲಿ ಹರೀತದಂತೆ, ಹೌದಾ ಅತ್ತಿಗೆ?" ಎನ್ನುತ್ತಾಳೆ. ಅತ್ತಿಗೆ "ಹೆದರ್ಬೇಡ ಮಾರಾಯ್ತಿ, ಎಲ್ರಿಗೂ ಆಗೂದೇ" ಎಂದು ಸಮಾಧಾನ ಹೇಳಿ, ಬೆನ್ನಿಗೇ ತನಗೆ ಎಷ್ಟು ಹೊಲಿಗೆ ಬಿದ್ದವು, ಎಷ್ಟು ದಿನ ನೆಟ್ಟಗೆ ಕೂರಲಾಗಲಿಲ್ಲ ಎಂಬುದನ್ನೆಲ್ಲ ಬಿಡಿಸಿ ಹೇಳಿ ಹೆದರಿಕೆಯನ್ನು ಇಮ್ಮಡಿ ಮಾಡಿ ಕಳಿಸುತ್ತಾಳೆ.

ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂಬ ಮಾತು ನಮ್ಮಲ್ಲಿ ಹುಟ್ಟಿದ್ದು ಸಾವು ಹೊಸ್ತಿಲಲ್ಲೇ ಇರುತ್ತಿದ್ದ ಕಾಲದಲ್ಲಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಗಳಲ್ಲೇ ಆಗುತ್ತಿವೆ. ಸಾವಿನ ಭಯ ಅಷ್ಟು ಹಿಂದೆ ಸರಿದಿದೆ. ಹೆರುವಾಗ ಕೆಳಗೆ ಚರ್ಮ, ಸ್ನಾಯು ಹರಿಯುವ ಭಯ ಮಾತ್ರ ಇನ್ನೂ ಹಿತ್ತಲಲ್ಲೇ ಪಿಸುಗುಡುತ್ತಿದೆ.

ಹರಿಯುವುದು ಯೋನಿದ್ವಾರಕ್ಕೂ ಗುದಕ್ಕೂ ನಡುವೆ ಇರುವ ಪುಟ್ಟ ಜಾಗ. ವೈದ್ಯರು ಅದನ್ನು ಪೆರಿನಿಯಂ ಎನ್ನುತ್ತಾರೆ. ಮೇಲೆ ಚರ್ಮ, ಅದರಡಿ ಒಂದರ ಮೇಲೊಂದು ಹೆಣೆದುಕೊಂಡ ಸ್ನಾಯುಗಳು, ಹಿಂದೆ ಗುದವನ್ನು ಬಿಗಿಹಿಡಿಯುವ ಸ್ನಾಯುವಿನ ಬಳೆ. ಚರ್ಮವಷ್ಟೇ ಬಿರಿದರೆ ಮೊದಲ ದರ್ಜೆ; ಎಷ್ಟೋ ಸಲ ಹೊಲಿಗೆಯೂ ಬೇಡ. ಸ್ನಾಯುವಿಗೂ ಇಳಿದರೆ ಎರಡನೆಯದು. ಹೊಲಿದರೆ ಕೆಲವು ವಾರಗಳಲ್ಲಿ ಕೂಡಿಕೊಳ್ಳುತ್ತದೆ, ದಾರ ತಾನಾಗಿ ಕರಗುತ್ತದೆ. ಗುದದ ಬಿಗಿಸ್ನಾಯುವಿಗೆ ತಗುಲಿದರೆ ಮೂರನೆಯದು, ಅದನ್ನೂ ದಾಟಿ ಕರುಳಿನ ಒಳಪದರ ಮುಟ್ಟಿದರೆ ನಾಲ್ಕನೆಯದು. ಹೆದರಬೇಕಾದದ್ದು ಈ ಕೊನೆಯ ಎರಡಕ್ಕೆ. ಬ್ರಿಟನ್ನಿನ ಲೆಕ್ಕದಲ್ಲಿ ಚೊಚ್ಚಲು ಸಹಜ ಹೆರಿಗೆಯಾದ ಹತ್ತರಲ್ಲಿ ಸುಮಾರು ಒಂಬತ್ತು ಜನರಿಗೆ ಒಂದಿಷ್ಟು ಬಿರುಕೋ ತರಚೋ ಕತ್ತರಿಯ ಗಾಯವೋ ಆಗುತ್ತದೆ. ಮೂರು–ನಾಲ್ಕನೆಯ ದರ್ಜೆಯದ್ದು ನೂರರಲ್ಲಿ ಆರು ಜನರಿಗೆ. ಅಂದರೆ ಅತ್ತಿಗೆ ಹೇಳಿದ್ದು ನಿಜ. ಆದರೆ "ಎಲ್ರಿಗೂ ಆಗೂದು" ಬಹುಮಟ್ಟಿಗೆ ಒಂದು, ಎರಡನೇ ದರ್ಜೆಯದು ಎಂಬುದನ್ನು ಅವಳು ಹೇಳಲಿಲ್ಲ.

ಹರಿಯುವ ಭಯಕ್ಕೇ "ಸಿಸೇರಿಯನ್ ಮಾಡಿಬಿಡಿ" ಎನ್ನುವವರಿದ್ದಾರೆ. ಅವರನ್ನು ಬೈಯಲು ಮನಸ್ಸಿಲ್ಲ. ಆದರೆ ಅದರಲ್ಲಿ ಹೊಟ್ಟೆಯ ಚರ್ಮ, ಕೊಬ್ಬು, ಗಟ್ಟಿ ಪೊರೆ, ಕೊನೆಗೆ ಗರ್ಭಕೋಶ, ಇಷ್ಟನ್ನೂ ಕೊಯ್ದೇ ಕೂಸನ್ನು ತೆಗೆಯಬೇಕೆಂಬುದು ಆ ಹೊತ್ತಿಗೆ ಯಾರಿಗೂ ನೆನಪಾಗುವುದಿಲ್ಲ.

ಇನ್ನು ಆ ಜಾಗ ಹೇಗೆ ಹಿಗ್ಗುತ್ತದೆ? ಕೂಸಿನ ತಲೆ ಗಲ್ಲ ಎದೆಗೆ ಒತ್ತಿಕೊಂಡು ಬಂದರೆ ಅದರ ಅಡ್ಡಳತೆ ಸುಮಾರು ಒಂಬತ್ತೂವರೆ ಸೆಂಟಿಮೀಟರ್. ತಲೆಯ ಎಲುಬುಗಳು ಇನ್ನೂ ಬೆಸೆದಿರುವುದಿಲ್ಲ, ಒಂದರಡಿ ಒಂದು ಸ್ವಲ್ಪ ಸರಿದು ದಾರಿಗೆ ಹೊಂದಿಕೊಳ್ಳುತ್ತವೆ. ತಾಯಿಯ ಕಡೆಯಿಂದಲೂ ತಿಂಗಳುಗಟ್ಟಲೆ ತಯಾರಿ ನಡೆದಿರುತ್ತದೆ: ಹಾರ್ಮೋನುಗಳ ಪ್ರಭಾವಕ್ಕೆ ಅಂಗಾಂಶದ ಕೊಲಾಜೆನ್ ಎಳೆಗಳು ಸಡಿಲವಾಗುತ್ತವೆ, ರಕ್ತದ ಹರಿವು ಹೆಚ್ಚುತ್ತದೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದವರು 2004ರಲ್ಲಿ ಕಂಪ್ಯೂಟರ್ ಮಾದರಿಯಲ್ಲಿ ಲೆಕ್ಕ ಹಾಕಿದಾಗ, ಶ್ರೋಣಿಯ (ಸೊಂಟದ ಎಲುಬುಗೂಡಿನ) ತಳದ ಒಂದು ಸ್ನಾಯು ತಲೆ ಹೊರಬರುವ ಹೊತ್ತಿಗೆ ತನ್ನ ಮೂಲ ಉದ್ದದ ಮೂರು ಪಟ್ಟಿಗಿಂತಲೂ ಹೆಚ್ಚು ಹಿಗ್ಗುತ್ತದೆಂದು ಕಂಡಿತು. ತೋಳಿನದೋ ಕಾಲಿನದೋ ಸ್ನಾಯುವನ್ನು ಅಷ್ಟು ಎಳೆದರೆ ಉಳಿಯದು.

ಇಷ್ಟು ಹಿಗ್ಗಲು ಅದಕ್ಕೆ ಬೇಕಾದದ್ದು ಹೊತ್ತು. ನನ್ನ ಮಟ್ಟಿಗೆ ಈ ವಿಷಯದ ತಿರುಳೆಲ್ಲ ಇಲ್ಲೇ ಇದೆ. ನೋವು ಬಂದಾಗ ತಲೆ ಇಣುಕಿ, ನೋವು ಇಳಿದಾಗ ಹಿಂದೆ ಸರಿಯುತ್ತದೆ. ನೋಡುತ್ತ ನಿಂತವರಿಗೆ ಇದು ತಡ ಅನ್ನಿಸುತ್ತದೆ, ಆದರೆ ಅಂಗಾಂಶ ಹಿಗ್ಗುವುದು ಆ ಹೋಗಿ ಬರುವ ಆಟದಲ್ಲೇ. ಕೊನೆಗೆ ತಲೆ ಹಿಂದೆ ಸರಿಯದೆ ನಿಂತಾಗ ಬೆಂಕಿ ತಗುಲಿದಂಥ ಉರಿ. ಆಗ ಇರುವ ಶಕ್ತಿಯನ್ನೆಲ್ಲ ಹಾಕಿ ಮುಕ್ಕಿದರೆ ತಲೆ ಒಮ್ಮೆಲೇ ನುಗ್ಗುತ್ತದೆ. ಮುಕ್ಕುವುದು ನಿಲ್ಲಿಸಿ, ಬಾಯಿ ತೆರೆದು ಸಣ್ಣ ಸಣ್ಣ ಉಸಿರು ಬಿಡುತ್ತಿದ್ದರೆ ಗರ್ಭಕೋಶದ ಒತ್ತಡವೇ ತಲೆಯನ್ನು ಮೆಲ್ಲಗೆ ದಾಟಿಸುತ್ತದೆ. ಅನುಭವಿ ನರ್ಸು ಒಂದು ಕೈಯಲ್ಲಿ ತಲೆಯ ವೇಗ ತಡೆದು, ಇನ್ನೊಂದರಲ್ಲಿ ಪೆರಿನಿಯಂಗೆ ಆಸರೆ ಕೊಡುವುದೂ ಇದಕ್ಕೇ. ಬಿಸಿನೀರಲ್ಲಿ ಅದ್ದಿ ಹಿಂಡಿದ ಶುಚಿಯಾದ ಬಟ್ಟೆಯನ್ನು ಆ ಹೊತ್ತಿಗೆ ಅಲ್ಲಿ ಒತ್ತಿ ಹಿಡಿಯುವ ಸರಳ ಉಪಾಯವಿದೆಯಲ್ಲ, ಅದರ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ 2017ರಲ್ಲಿ ಪ್ರಕಟವಾದ ಕಾಕ್ರೇನ್ ಎಂಬ ಅಂತಾರಾಷ್ಟ್ರೀಯ ಸಂಶೋಧಕರ ಕೂಟದ ವಿಮರ್ಶೆಯಲ್ಲಿ ಮೂರು–ನಾಲ್ಕನೆಯ ದರ್ಜೆಯ ತೀವ್ರ ಬಿರುಕು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ದುಬಾರಿ ಯಂತ್ರ ಬೇಡ, ಒಂದು ಪಾತ್ರೆ ಬಿಸಿನೀರು ಸಾಕು.

ಅವಸರ ಮಾಡುವ ಪದ್ಧತಿಗಳು ಮಾತ್ರ ಗಟ್ಟಿಯಾಗಿ ಬೇರುಬಿಟ್ಟಿವೆ. ನೋವು ಬಂದಿರಲಿ ಬಿಡಲಿ "ಮುಕ್ಕು, ಮುಕ್ಕು" ಎಂದು ಕೂಗುವುದು, ಹೊಟ್ಟೆಯನ್ನು ಮೇಲಿಂದ ಒತ್ತುವುದು. ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ಹೊಟ್ಟೆ ಒತ್ತುವುದು ಬೇಡ ಎಂದಿದೆ, ಮುಕ್ಕುವುದನ್ನು ತಾಯಿಗೆ ತನ್ನಿಂತಾನೇ ಬರುವ ಒತ್ತರಕ್ಕೆ ಬಿಡಿ ಎಂದಿದೆ.

ಇನ್ನು ಕತ್ತರಿ. ಹರಿಯುವ ಮೊದಲೇ ಕೊಯ್ದುಬಿಡುವ ಎಪಿಸಿಯೊಟಮಿಯನ್ನು 1742ರಲ್ಲಿ ಡಬ್ಲಿನ್ನಿನ ಫೀಲ್ಡಿಂಗ್ ಔಲ್ಡ್ ಬರೆದಿಟ್ಟದ್ದು ಕೂಸು ಸಿಕ್ಕಿಕೊಂಡ ಕಷ್ಟದ ಹೆರಿಗೆಗೆ. 1920ರಲ್ಲಿ ಷಿಕಾಗೋದ ಜೋಸೆಫ್ ಡಿಲೀ ಅದನ್ನು ಎಲ್ಲ ಚೊಚ್ಚಲು ಹೆರಿಗೆಗೂ ಮುನ್ನೆಚ್ಚರಿಕೆಯಾಗಿ ಮಾಡಬೇಕೆಂದು ವಾದಿಸಿದ. ನೇರ ಗಾಯ ಹೊಲಿಯಲು ಸುಲಭ, ದೊಡ್ಡ ಬಿರುಕು ತಪ್ಪುತ್ತದೆ ಎಂಬ ತರ್ಕ ಎಲ್ಲರಿಗೂ ಒಪ್ಪಿಗೆಯಾಯಿತು. ಯಾರೂ ಪರೀಕ್ಷಿಸಿ ನೋಡಿರಲಿಲ್ಲ, ಅಷ್ಟೆ. 1993ರಲ್ಲಿ ಅರ್ಜೆಂಟೀನಾದ ವೈದ್ಯರು 2,606 ಮಹಿಳೆಯರ ಮೇಲೆ ನಡೆಸಿದ ಅಧ್ಯಯನ ಪ್ರಕಟಿಸಿದರು. ಒಂದು ಗುಂಪಿನಲ್ಲಿ ರೂಢಿಯಂತೆ ಕೊಯ್ತ, ಇನ್ನೊಂದರಲ್ಲಿ ಅಗತ್ಯ ಬಿದ್ದರೆ ಮಾತ್ರ. ತೀವ್ರ ಬಿರುಕು ಮೊದಲ ಗುಂಪಿನಲ್ಲಿ ನೂರಕ್ಕೆ 1.5, ಎರಡನೆಯದರಲ್ಲಿ 1.2. ಕತ್ತರಿ ಕಾಪಾಡಲಿಲ್ಲ. ಬಟ್ಟೆ ಅಂಗಡಿಯಲ್ಲಿ ಥಾನಿನ ಅಂಚಿಗೆ ಕತ್ತರಿಯಿಂದ ಚೂರು ಕಚ್ಚಿ ಆಮೇಲೆ ಪರ್ರನೆ ಹರಿಯುವುದನ್ನು ನೋಡಿದವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಎಲ್ಲರಿಗೂ ಕೊಯ್ಯಬೇಡಿ ಎಂಬುದೇ ಈಗ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಕೂಸಿನ ಎದೆಬಡಿತ ಇಳಿಯುತ್ತಿದ್ದರೆ, ಕೂಸನ್ನು ಹೊರಗೆಳೆಯಲು ಇಕ್ಕಳ ಹಾಕಬೇಕಾಗಿ ಬಂದರೆ ಕತ್ತರಿಗೆ ಅದರ ಜಾಗ ಇದ್ದೇ ಇದೆ. ಆಗಲೂ ನೇರ ಕೆಳಕ್ಕಲ್ಲ, ಗುದದಿಂದ ದೂರಕ್ಕೆ ಓರೆಯಾಗಿ. ಚೊಚ್ಚಲು ಎಂದ ಮಾತ್ರಕ್ಕೇ ಕೊಯ್ಯುವ ಆಸ್ಪತ್ರೆಗಳು ಇನ್ನೂ ಇವೆ, ಎಂಟನೇ ತಿಂಗಳ ತಪಾಸಣೆಯಲ್ಲೇ "ನಿಮ್ಮಲ್ಲಿ ಎಲ್ಲರಿಗೂ ಕಟ್ ಮಾಡ್ತೀರಾ ಮೇಡಂ?" ಎಂದು ಕೇಳಿಬಿಡುವುದು ಒಳ್ಳೆಯದು.

ಮನೆಯಲ್ಲಿ ಮಾಡಿಕೊಳ್ಳುವ ತಯಾರಿಯಲ್ಲಿ ಪುರಾವೆಯಿರುವುದು ಒಂದಕ್ಕೆ. ಸುಮಾರು 35ನೇ ವಾರದಿಂದ ವಾರಕ್ಕೆ ಒಂದೆರಡು ಸಲ, ಉಗುರು ಕತ್ತರಿಸಿ ಕೈ ತೊಳೆದು, ಶುದ್ಧ ಕೊಬ್ಬರಿ ಎಣ್ಣೆ ಹಚ್ಚಿದ ಹೆಬ್ಬೆರಳನ್ನು ಯೋನಿಯೊಳಗೆ ಮೂರ್ನಾಲ್ಕು ಸೆಂಟಿಮೀಟರ್ ಇಟ್ಟು, ಗುದದ ಕಡೆಗೆ ಕೆಳಕ್ಕೆ ಒತ್ತಿ, ಸ್ವಲ್ಪ ಚುರುಗುಟ್ಟುವವರೆಗೆ ಹಿಡಿದು, ಆಮೇಲೆ ಎರಡೂ ಬದಿಗೆ ಸವರುವುದು. ಐದು ನಿಮಿಷ ಸಾಕು. ಬಚ್ಚಲುಮನೆಯ ಬಿಸಿನೀರ ಸ್ನಾನದ ನಂತರ ಮಾಡಿದರೆ ಸಲೀಸು. ಸುಮಾರು 2,500 ಮಹಿಳೆಯರ ಅಧ್ಯಯನಗಳನ್ನು ಸೇರಿಸಿ ನೋಡಿದಾಗ, ಹದಿನೈದು ಜನ ಹೀಗೆ ಮಾಡಿಕೊಂಡರೆ ಒಬ್ಬರಿಗೆ ಹೊಲಿಗೆ ತಪ್ಪುತ್ತದೆಂದು ಗೊತ್ತಾಯಿತು. ಲಾಭ ಮುಖ್ಯವಾಗಿ ಕಂಡದ್ದು ಚೊಚ್ಚಲು ಬಸುರಿಯರಲ್ಲಿ, ಅದೂ ಕತ್ತರಿ ಬೀಳುವುದು ಕಡಿಮೆಯಾದದ್ದರಿಂದ. ದೊಡ್ಡ ಬಿರುಕಿನ ಸಂಖ್ಯೆ ಬದಲಾಗಲಿಲ್ಲ. ಅಂದರೆ ಸಣ್ಣ ಲಾಭ, ಖರ್ಚಿಲ್ಲದ್ದು. ಜತೆಗೆ, ಆ ಉರಿ ಮೊದಲೇ ಪರಿಚಯವಾಗಿದ್ದರೆ ಹೆರಿಗೆಯ ಹೊತ್ತಿಗೆ ಗಾಬರಿ ಬೀಳುವುದು ಕಡಿಮೆಯಾದೀತೆಂದು ನನಗನ್ನಿಸುತ್ತದೆ. ರಕ್ತಸ್ರಾವ, ಕೆಳಗಿಳಿದ ಮಾಸು, ಯೋನಿಯ ಸೋಂಕು, ನೀರು ಒಡೆದದ್ದು, ಅವಧಿಗೆ ಮುಂಚೆ ನೋವಿನ ಸೂಚನೆ ಇವುಗಳಲ್ಲಿ ಯಾವುದಿದ್ದರೂ ಬೇಡ. ಡಾಕ್ಟರನ್ನು ಕೇಳಿಯೇ ಶುರುಮಾಡಬೇಕು.

ಒಂಬತ್ತನೇ ತಿಂಗಳಲ್ಲಿ ತುಪ್ಪ ಹೆಚ್ಚು ತಿಂದರೆ ಕೂಸು ಜಾರಿ ಬರುತ್ತದೆ ಎನ್ನುತ್ತಾರೆ. ತುಪ್ಪ ಹೋಗುವ ದಾರಿಯೇ ಬೇರೆ, ಕೂಸು ಬರುವ ದಾರಿಯೇ ಬೇರೆ. ನೆಲ ಒರೆಸಿದರೆ, ಮೆಟ್ಟುಗತ್ತಿಯ ಮೇಲೆ ಕೂತು ಅಡಿಕೆ ಸುಲಿದರೆ ಸಲೀಸು ಹೆರಿಗೆ ಎಂಬುದರಲ್ಲಿ ಸೊಸೆಯ ಆರೋಗ್ಯಕ್ಕಿಂತ ಮನೆಗೆಲಸದ ಕಾಳಜಿ ತುಸು ಜಾಸ್ತಿ ಇರಬಹುದು. ವಾರಕ್ಕೆ 150 ನಿಮಿಷ ನಡಿಗೆಯಂಥ ಚಟುವಟಿಕೆ ಹೆಚ್ಚಿನ ಬಸುರಿಯರಿಗೆ ಒಳ್ಳೆಯದು. ಮೂತ್ರ ತಡೆಹಿಡಿಯುವ ಸ್ನಾಯುಗಳನ್ನು ಬಿಗಿದು ಬಿಡುವ ವ್ಯಾಯಾಮದಿಂದ ಮುಂದೆ ಮೂತ್ರ ಸೋರುವುದು ಕಡಿಮೆಯಾಗುತ್ತದೆ. ಅದರಲ್ಲಿ ಬಿಗಿಯುವುದನ್ನಷ್ಟೇ ಅಲ್ಲ, ಬಿಡುವುದನ್ನೂ ಕಲಿಯಬೇಕು.

ನಮ್ಮ ಮಲೆನಾಡಿನ ಕಡೆಯ ಅವಸರಕ್ಕೆ ಇನ್ನೊಂದು ಕಾರಣ ಮಳೆ ಮತ್ತು ದಾರಿ. ಆಗುಂಬೆಯ ಆಚೀಚೆಯಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಆಷಾಢದಲ್ಲಿ ಹೊರಟವರಿಗೆ ಯಾವ ತಿರುವಿನಲ್ಲಿ ಮರ ಬಿದ್ದಿದೆಯೋ ಎಂಬ ಚಿಂತೆ. ಮೊದಲ ನೋವಿಗೇ ಓಡಿ ಬಂದು ದಾಖಲಾಗುತ್ತಾರೆ. ದಿನವಿಡೀ ಆದರೂ ಆಗಲಿಲ್ಲವಲ್ಲ ಎಂದು ಮನೆಯವರು ಚಡಪಡಿಸುತ್ತಾರೆ. ಗರ್ಭಕೋಶದ ಬಾಯಿ ಐದು ಸೆಂಟಿಮೀಟರ್ ತೆರೆಯುವ ತನಕ ನಿಧಾನ ಸಹಜವೇ. ಅನುಕೂಲವಿದ್ದವರು ದಿನ ಹತ್ತಿರವಾದಾಗ ಪೇಟೆಯ ನೆಂಟರ ಮನೆಯಲ್ಲಿ ಉಳಿಯುವುದು ಜಾಣತನ. ಹೆದರಿದ ದೇಹದಲ್ಲಿ ಅಡ್ರಿನಲಿನ್ ಏರುತ್ತದೆ, ಗರ್ಭಕೋಶವನ್ನು ದುಡಿಸುವ ಆಕ್ಸಿಟೋಸಿನ್‌ಗೆ ಅದು ಅಡ್ಡಗಾಲು. ಪಕ್ಕದಲ್ಲಿ ಅಮ್ಮನೋ ಅಕ್ಕನೋ ಇದ್ದರೆ ಆ ಹೆದರಿಕೆ ಇಳಿಯುತ್ತದೆ; ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಗೆ ಒಬ್ಬ ಜೊತೆಗಾತಿಯನ್ನು ಬಿಡಬೇಕೆಂದು ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಹೇಳಿದೆ. ಬೆನ್ನ ಮೇಲೆ ಮಲಗದೆ ಮಗ್ಗುಲಾಗಿ ಹೆರಬಹುದೇ ಎಂದು ಕೇಳಲು ಆಗ ಒಂದು ಬಾಯಿ ಜಾಸ್ತಿ ಇರುತ್ತದೆ.

ಹೊಲಿಗೆ ಬಿದ್ದ ಮೇಲೆ ಮಲೆನಾಡಿನ ಬಾಣಂತನ ಅರ್ಧ ವರ, ಅರ್ಧ ಕಿರಿಕಿರಿ. ವಿಶ್ರಾಂತಿ ವರ. ನೀರು ಕುಡಿದರೆ ಹೊಟ್ಟೆ ಬರುತ್ತದೆಂದು ಲೋಟ ಕಸಿಯುವುದು, ಸೊಪ್ಪು–ಹಣ್ಣು ಶೀತವೆಂದು ದೂರ ಇಡುವುದು ಮಾತ್ರ ಮಲಬದ್ಧತೆಗೆ ನೇರ ದಾರಿ. ಹಸಿ ಹೊಲಿಗೆಯ ಮೇಲೆ ಗಟ್ಟಿ ಮಲದ ಒತ್ತಡ ಏನೆಂಬುದು ಪಟ್ಟವಳಿಗೇ ಗೊತ್ತು. ದಿನಕ್ಕೆ ಎರಡರಿಂದ ಮೂರು ಲೀಟರ್ ನೀರು ಬೇಕು, ಹಾಲೂಡುವವಳಿಗಂತೂ ಬೇಕೇ ಬೇಕು. ಹಂಡೆಯ ಸುಡುನೀರು ಬೆನ್ನಿಗಿರಲಿ, ಹೊಲಿಗೆಗೆ ಬೆಚ್ಚಗಿನದು ಸಾಕು. ಜಡಿಮಳೆಯಲ್ಲಿ ಬಟ್ಟೆ ಒಣಗುವುದಿಲ್ಲ. ಒದ್ದೆ ಬಟ್ಟೆ ಕಟ್ಟಿಕೊಳ್ಳುವ ಬದಲು ಪ್ಯಾಡ್ ಬಳಸಿ ಆಗಾಗ ಬದಲಿಸಬೇಕು. ವಾಸನೆಯ ಸ್ರಾವ, ಜ್ವರ, ಏರುತ್ತಲೇ ಹೋಗುವ ನೋವು ಇದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸಿ ಅಂದೇ ಆಸ್ಪತ್ರೆಗೆ ಹೋಗಬೇಕು.

ವಾಯು ತಡೆಯಲಾಗದಿರುವುದು, ಮಲ ಸೋರುವುದು ಇದ್ದರೆ ಹೆಂಗಸರು ವರ್ಷಗಟ್ಟಲೆ ಬಾಯಿಬಿಡುವುದಿಲ್ಲ. ಮದುವೆಮನೆಗೆ ಹೋಗುವುದನ್ನೇ ಬಿಟ್ಟುಬಿಡುತ್ತಾರೆ. ಅದು ಬಿಗಿಸ್ನಾಯುವಿನ ಗಾಯದ ಲಕ್ಷಣವಿರಬಹುದು. ವ್ಯಾಯಾಮವಿದೆ, ಫಿಸಿಯೋಥೆರಪಿಯಿದೆ, ಬೇಕಾದರೆ ಶಸ್ತ್ರಚಿಕಿತ್ಸೆಯೂ ಇದೆ. ಎಷ್ಟು ವರ್ಷ ಕಳೆದಿದ್ದರೂ ಸ್ತ್ರೀರೋಗ ತಜ್ಞರಿಗೆ ತೋರಿಸಬಹುದು. ಮತ್ತೊಮ್ಮೆ ಬಸುರಾದರೆ ಹಿಂದಿನ ಹೆರಿಗೆಯಲ್ಲಿ ಯಾವ ದರ್ಜೆಯ ಬಿರುಕಾಗಿತ್ತು ಎಂಬುದನ್ನು ಮೊದಲ ತಪಾಸಣೆಯಲ್ಲೇ ಹೇಳಿ, ತಾಯಿ ಕಾರ್ಡಿನಲ್ಲಿ ಬರೆಸಬೇಕು.